ಮಹಾಪಾಲಿಕೆಯ ತಂತ್ರಿಗಳು

ನಮ್ಮ ಚಿಕ್ಕಪ್ಪ ಯಾರ ಮನೆಗೆ ಹೋದರೂ ಅಲ್ಲಿ ಕರೆಂಟ್ ಹೋಗುತ್ತದೆ. ಇದು ನಾನು ಹೊಟ್ಟೆಕಿಚ್ಚಿಗೆ ಹೇಳುವ ಮಾತಲ್ಲ. ಮುಂಬಯಿಯ ಹೊರವಲಯದಲ್ಲಿ ಠಾಣೆಯಿಂದ ಕಲ್ಯಾಣದವರೆಗೆ ನಮ್ಮ ನೆಂಟರಿಷ್ಟರಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಅವರು ಬರುತ್ತಾರೆಂದು ಗೊತ್ತಾದ ಕೂಡಲೇ ಜನ ಮೊಬೈಲು ಚಾರ್ಜ್ ಮಾಡಿಟ್ಟುಕೊಳ್ಳುತ್ತಾರೆ, ಮಿಕ್ಸಿಯ ಕೆಲಸವನ್ನೆಲ್ಲ ಮೊದಲೇ ಮುಗಿಸಿಕೊಳ್ಳುತ್ತಾರೆ. ಅಷ್ಟೊಂದು ಕೆಟ್ಟ ಕಾಲ್ಗುಣವೇ ಎನ್ನುತ್ತೀರಾ? ಪಾಪ, ಕಾಲಿನದೇನೂ ತಪ್ಪಿಲ್ಲ. ತಪ್ಪೆಲ್ಲ ಕೈಯದು!

ಈಗಿನ ಫ್ಲಾಟುಗಳಲ್ಲಿ ಬಾಗಿಲ ಹಿಂದೆ ಸ್ವಿಚ್ಚುಗಳ ಒಂದು ಡಬ್ಬಿ ಇರುತ್ತದಲ್ಲ, ಅದರೊಳಗೆ ಶಾಕ್ ಹೊಡೆಯದಂತೆ ಮನೆಮಂದಿಯನ್ನು ಕಾಯುವ ದೊಡ್ಡ ಸ್ವಿಚ್ಚೊಂದಿರುತ್ತದೆ. ಅದರ ಮೇಲೆ ‘ಟೆಸ್ಟ್’ ಎಂದು ಬರೆದ ಒಂದು ಪುಟ್ಟ ಗುಂಡಿ. ಒತ್ತಿದರೆ ಇಡೀ ಮನೆಯ ಕರೆಂಟ್ ಹೋಗಬೇಕು. ಹೋದರೆ ಕಾವಲುಗಾರ ಎಚ್ಚರವಾಗಿದ್ದಾನೆ ಎಂದರ್ಥ. ನಿಮ್ಮ ಮನೆಯಲ್ಲಿ ಎಂದಾದರೂ ಒತ್ತಿದ್ದೀರಾ? ಇಲ್ಲ ತಾನೇ? ನಾನೂ ಒತ್ತಿರಲಿಲ್ಲ. ಚಿಕ್ಕಪ್ಪ ಮಾತ್ರ ಚಪ್ಪಲಿ ಬಿಟ್ಟವರು ಕುಡಿಯಲು ನೀರು ಕೇಳುವ ಮೊದಲೇ ಅದನ್ನು ಒತ್ತಿಬಿಡುತ್ತಾರೆ. ಟೀವಿಯಲ್ಲಿ ಕ್ರಿಕೆಟ್ಟಿನ ಕೊನೆಯ ಓವರ್ ಇರಲಿ, ಒಲೆಯ ಮೇಲಿನ ಚಿಮಣಿ ಗುಂಯ್‌ಗುಡುತ್ತಿರಲಿ, ಅವರಿಗೆ ಎಲ್ಲ ಒಂದೇ. ಕತ್ತಲಾದರೆ ಅವರ ಮುಖ ಬೆಳಗುತ್ತದೆ. ಕತ್ತಲಾಗದಿದ್ದರೆ ಮಾತ್ರ ಅವರಿಗೆ ಊಟ ಸೇರುವುದಿಲ್ಲ. “ಹೋಗ್ಲಿಲ್ಲವಲ್ಲ,” ಎಂದು ಆಸ್ಪತ್ರೆಯಲ್ಲಿ ಮಾತಾಡುವ ಸ್ವರದಲ್ಲಿ ಹೇಳಿ, ಆ ಸ್ವಿಚ್ಚು ಬದಲಾಗುವವರೆಗೆ ದಿನಕ್ಕೊಂದು ಫೋನು ಮಾಡುತ್ತಾರೆ.

ನನ್ನ ಗಂಡ ಮೈಸೂರಿನವರು. ಫೈನಾನ್ಸ್ ಕಂಪನಿಯ ಕೆಲಸ, ಅರ್ಧ ವಾರ ನೆರೂಳದ ನಮ್ಮ ಮನೆಯಿಂದಲೇ. ಒಮ್ಮೆ ದೊಡ್ಡ ಸಾಹೇಬರೆದುರು ಲ್ಯಾಪ್‌ಟಾಪಿನಲ್ಲಿ ಏನನ್ನೋ ವಿವರಿಸುತ್ತಿದ್ದರು. ಚಿಕ್ಕಪ್ಪ ಬಂದರು, ಒತ್ತಿದರು, ರೌಟರು ಕಣ್ಣು ಮುಚ್ಚಿತು. ಮತ್ತೆ ಸಂಪರ್ಕ ಸಿಕ್ಕಾಗ ಏನಾಯಿತೆಂದು ಸಾಹೇಬರು ಕೇಳಿದರಂತೆ. ಇವರು ಗಾಬರಿಯಲ್ಲಿ ನಮ್ಮ ಅಂಕಲ್ ಬಂದರು ಎಂದುಬಿಟ್ಟರು. ಅಂಕಲ್ ಬಂದರೆ ಇಂಟರ್‌ನೆಟ್ ಯಾಕೆ ಹೋಗಬೇಕು ಎಂಬುದು ಆ ಸಾಹೇಬರಿಗೆ ಇಂದಿಗೂ ಅರ್ಥವಾಗಿಲ್ಲ.

ಇನ್ನು ಲೈಸೆನ್ಸಿನ ಹುಚ್ಚು! ಇಲೆಕ್ಟ್ರಿಶಿಯನ್ ಆದವನು ಪರೀಕ್ಷೆ ಪಾಸು ಮಾಡಿ ಸರಕಾರದ ಪರ್ಮಿಟ್ ಪಡೆದಿರಬೇಕು, ಇಲ್ಲದವನು ಚಿಕ್ಕಪ್ಪನ ಎದುರು ಹೋಲ್ಡರಿಗೆ ಬಲ್ಬು ತಿರುಗಿಸುವಂತಿಲ್ಲ. ನಮ್ಮ ಮನೆಗೆ ಫ್ಯಾನು ಹಾಕಲು ಬಂದವನನ್ನು ಬಾಗಿಲಲ್ಲೇ ತಡೆದು ಲೈಸೆನ್ಸ್ ಕೇಳಿದರು.

“ಕಾಕಾ, ಪಂಖಾ ಲಗಾನಾ ಹೈ, ಗಾಡಿ ನಹೀ ಚಲಾನೀ,” ಎಂದ ಅವನು. ಫ್ಯಾನು ಹಾಕಲು ಬಂದವನೇ ಹೊರತು ಗಾಡಿ ಓಡಿಸಲು ಬಂದವನಲ್ಲವಲ್ಲ ಎಂಬುದು ಅವನ ವಾದ. ಗಾಡಿ ಕೆಟ್ಟರೆ ದಾರಿಯಲ್ಲಿ ನಿಲ್ಲುತ್ತದೆ, ಇದು ಕೆಟ್ಟರೆ ತಲೆಯ ಮೇಲೆ ಬೀಳುತ್ತದೆ ಎಂದು ಚಿಕ್ಕಪ್ಪ ಅವನನ್ನು ಮೆಟ್ಟಿಲಿಳಿಸಿದರು. ಆ ಸಲ ಬೇಸಿಗೆಯ ಅರ್ಧ ಭಾಗ ನಾವು ಕ್ಯಾಲೆಂಡರಿನಿಂದ ಗಾಳಿ ಹಾಕಿಕೊಂಡೆವು.

ನೌಕರಿಯೂ ಅಂಥದ್ದೇ ಇತ್ತು ಅನ್ನಿ. ಡೊಂಬಿವಲಿಯ ಕಡೆ ಪಾಲಿಕೆಯ ವಿದ್ಯುತ್ ವಿಭಾಗದಲ್ಲಿದ್ದರು. ಗಣೇಶೋತ್ಸವದ ಮಂಡಪಕ್ಕೆ ಅನುಮತಿ ಬೇಕೆಂದರೆ ಲೈಸೆನ್ಸ್ ಇರುವ ಕಂತ್ರಾಟುದಾರನೇ ವೈರಿಂಗ್ ಮಾಡಿ ಸಹಿ ಹಾಕಬೇಕು, ಅದನ್ನು ಇವರು ಹೋಗಿ ನೋಡಬೇಕು. ಎಲ್ಲರೂ ಗಣಪತಿಯ ಮುಂದೆ ಕೈಮುಗಿದು ನಿಂತರೆ ಇವರು ಹಿಂದೆ ಟಾರ್ಚು ಹಿಡಿದು ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಊರಿನ ಅಷ್ಟೂ ಗಣಪತಿಗಳ ಬೆನ್ನಿನ ಪರಿಚಯ ಅವರಿಗಿತ್ತು, ಮುಖದ್ದು ಅಷ್ಟಕ್ಕಷ್ಟೆ. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಕೈ ಕೇಳಬೇಕಲ್ಲ!

ಹೀಗೆ ಕಂಡ ಕಂಡ ಗುಂಡಿಯನ್ನೆಲ್ಲ ಒತ್ತಿ, ಕಂಡವರ ಲೈಸೆನ್ಸೆಲ್ಲ ಕೇಳಿದ ಮನುಷ್ಯನಿಗೆ ಹೆಂಡತಿಯನ್ನು ಒಂದೇ ಒಂದು ಪ್ರಶ್ನೆ ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಆ ತಪ್ಪು ನಡೆಯದಿದ್ದರೆ ನೀನು ನನ್ನನ್ನು ಮದುವೆಯಾಗುತ್ತಿದ್ದೆಯಾ ಎಂಬ ಪ್ರಶ್ನೆ. ಯಾವ ತಪ್ಪು ಎನ್ನುತ್ತೀರಾ? ಕೇಳಿ.

ವೈರ್‌ಮನ್‌ಗೆ ಮರಾಠಿಯಲ್ಲಿ ‘ತಾರತಂತ್ರಿ’ ಎನ್ನುತ್ತಾರೆ. ಮಹಾನಗರಪಾಲಿಕೆಗೆ ‘ಮಹಾಪಾಲಿಕಾ’. ಡೊಂಬಿವಲಿಯಲ್ಲಿ ಸಂಸಾರ ಹೂಡಿದ್ದ ನನ್ನ ಅಮ್ಮ, ತನ್ನ ತಂಗಿಗೆ ಒಂದು ಸಂಬಂಧ ನೋಡಿ ಉಡುಪಿಯ ಅಜ್ಜನಿಗೆ ಕಾಗದ ಬರೆದಳು: ಹುಡುಗ ನಮ್ಮ ಕಡೆಯವನೇ, ಸಣ್ಣಂದಿನಿಂದ ಇಲ್ಲೇ ಬೆಳೆದವನು, ಮಹಾಪಾಲಿಕೆಯಲ್ಲಿ ತಾರತಂತ್ರಿ. ಅಮ್ಮನ ದೃಷ್ಟಿಯಲ್ಲಿ ಇದು ಶುದ್ಧ ಕನ್ನಡ. ಅಜ್ಜನ ದೃಷ್ಟಿಯಲ್ಲೂ ಶುದ್ಧ ಕನ್ನಡವೇ! ಉಡುಪಿಯ ಕಡೆ ತಂತ್ರಿ ಎಂದರೆ ದೇವಸ್ಥಾನದ ಪ್ರತಿಷ್ಠೆ, ಬ್ರಹ್ಮಕಲಶಗಳನ್ನೆಲ್ಲ ನಡೆಸಿಕೊಡುವ ದೊಡ್ಡ ಜನ. ಮುಂಬಯಿಯ ಹತ್ತಿರ ಮಹಾಪಾಲಿಕೆ ಎಂಬ ಅಮ್ಮನವರ ದೇವಸ್ಥಾನವಿದೆ, ಲೋಕವನ್ನೆಲ್ಲ ಪಾಲಿಸುವವಳಾದ್ದರಿಂದ ಆ ಹೆಸರು, ಹುಡುಗ ಅಲ್ಲಿಯ ತಂತ್ರಿ, ‘ತಾರ’ ಎಂಬುದು ಮನೆತನದ ಹೆಸರಿರಬೇಕು ಎಂದು ಅಜ್ಜ ಅರ್ಥ ಮಾಡಿಕೊಂಡರು. ಕಂಬ ಹತ್ತುವವನಿಗೆ ಮಗಳನ್ನು ಕೊಡುವ ಜಾಯಮಾನ ಅವರದಲ್ಲ. ತಂತ್ರಿ ಎಂದಮೇಲೆ ಎರಡನೆಯ ಮಾತಿಲ್ಲ.

ಮದುವೆ ಊಟದ ಹೊತ್ತಿಗೂ ಗುಟ್ಟು ರಟ್ಟಾಗಲಿಲ್ಲ. ಅಜ್ಜ ಅಳಿಯನ ಪಕ್ಕ ಕುಳಿತು, ಹೊಸ ಕಟ್ಟಡವಾದರೆ ಮೊದಲು ನಿಮ್ಮ ಕ್ರಮ ಏನು ಎಂದು ಭಕ್ತಿಯಿಂದ ವಿಚಾರಿಸಿದರು. ಚಿಕ್ಕಪ್ಪ ಅಷ್ಟೇ ಶ್ರದ್ಧೆಯಿಂದ, ಸೋರುವ ಕರೆಂಟನ್ನು ಭೂಮಿಗಿಳಿಸುವ ಅರ್ಥಿಂಗ್ ಮಾಡುವುದನ್ನು ವಿವರಿಸಿದರು. ಆಳವಾಗಿ ಗುಂಡಿ ತೋಡಬೇಕು, ತಾಮ್ರದ ತಗಡು ಇಳಿಸಬೇಕು, ಸುತ್ತ ಇದ್ದಿಲು, ಉಪ್ಪು ತುಂಬಬೇಕು, ಮೇಲಿಂದ ನೀರು ಎರೆಯಬೇಕು. ಪ್ರತಿಷ್ಠೆಗೆ ಉಪ್ಪು ಹಾಕುವುದು ಅಜ್ಜನಿಗೆ ಹೊಸದು, ಆದರೆ ಮುಂಬಯಿ ಕಡೆಯ ಪದ್ಧತಿ ಬೇರೆ ಇರಬಹುದೆಂದು ಸುಮ್ಮನಾದರು. ಕ್ರಮ ತಪ್ಪಿದರೆ ಏನಾಗುತ್ತದೆ ಎಂದು ಮಾತ್ರ ಕೇಳಿದರು.

“ಮುಟ್ಟಿದವರನ್ನು ಬಿಡುವುದಿಲ್ಲ,” ಎಂದರು ಚಿಕ್ಕಪ್ಪ.

ಅಜ್ಜ ಎಲೆಯ ಮುಂದೆಯೇ ಕೈಮುಗಿದರಂತೆ.

ಮದುವೆಯಾಗಿ ಕೆಲವು ತಿಂಗಳ ಮೇಲೆ ಅಜ್ಜ ಡೊಂಬಿವಲಿಗೆ ಬಂದರು. ಬಂದವರು, ಅಳಿಯಂದಿರೇ, ಮಹಾಪಾಲಿಕೆಯನ್ನು ಒಮ್ಮೆ ನೋಡಬೇಕಿತ್ತು ಎಂದರು. ಮಾವನವರಿಗೆ ತನ್ನ ಆಫೀಸಿನ ಮೇಲೆ ಇಷ್ಟೊಂದು ಅಭಿಮಾನವೇ ಎಂದು ಚಿಕ್ಕಪ್ಪ ಉಬ್ಬಿಹೋದರು. ಅಜ್ಜ ಮಿಂದು, ಮಡಿಪಂಚೆ ಉಟ್ಟು, ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಹೊರಟರು. ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟರು! ಒಳಗೆ ಜನ ಕೈಯಲ್ಲಿ ಕಾಗದ ಹಿಡಿದು ಸಾಲಾಗಿ ನಿಂತಿದ್ದರು. ಅದೂ ದೇವಸ್ಥಾನಕ್ಕೆ ಒಪ್ಪುವಂತೆಯೇ ಇತ್ತು. ಚಿಕ್ಕಪ್ಪ ಮಾವನನ್ನು ನೇರವಾಗಿ ತನ್ನ ಹೆಮ್ಮೆಯ ಜಾಗಕ್ಕೆ, ಕಬ್ಬಿಣದ ದೊಡ್ಡ ಪೆಟ್ಟಿಗೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದ ತಲೆಬುರುಡೆ. ಉಗ್ರಸ್ವರೂಪದ ಅಮ್ಮನವರೇ ಇರಬೇಕೆಂದು ಅಜ್ಜ ಕೈಮುಗಿದರು. ಆಮೇಲೆ ಬುರುಡೆಯ ಕೆಳಗೆ ನಾಗರಿಯಲ್ಲಿ ಬರೆದದ್ದನ್ನು ಓದಿದರು: ಧೋಕಾ.

ಮರಾಠಿಯಲ್ಲಿ ಧೋಕಾ ಎಂದರೆ ಅಪಾಯ. ಕನ್ನಡದಲ್ಲಿ ಅದರ ಅರ್ಥ ಏನೆಂದು ನಿಮಗೆ ಗೊತ್ತೇ ಇದೆ. ಅಜ್ಜನಿಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿದುಹೋಯಿತು.

ನಮ್ಮ ಮನೆಗಳಲ್ಲಿ ಈ ಕಥೆ ಹೇಳದೆ ಯಾವ ಸಮಾರಂಭವೂ ಮುಗಿಯುವುದಿಲ್ಲ. ಚಿಕ್ಕಪ್ಪನಿಗೆ ‘ತಂತ್ರಿಗಳು’ ಎಂಬ ಹೆಸರು ನಿಂತದ್ದೇ ಹಾಗೆ. ಅವರೂ ಎಲ್ಲರ ಜೊತೆ ನಗುತ್ತಾರೆ. ಆದರೆ ಕಥೆಗೊಂದು ಬಾಲವಿದೆ, ಅದು ಬಂದಾಗ ಮಾತ್ರ ಅವರು ನೀರು ಕುಡಿಯುವ ನೆಪದಲ್ಲಿ ಎದ್ದುಬಿಡುತ್ತಾರೆ. ಅವತ್ತು ಮನೆಗೆ ಮರಳಿದ ಅಜ್ಜ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೋಸ ಆಗಿಹೋಯಿತು ಮಗಾ, ನಿನಗೆ ಬೇಡವೆಂದಾದರೆ ಈಗಲೇ ನನ್ನ ಜೊತೆ ಊರಿಗೆ ಬಾ ಎಂದು ಕರೆದರಂತೆ. ಚಿಕ್ಕಮ್ಮ ತಿರುಗಿ ನೋಡದೆ, ಅನ್ನಕ್ಕೆ ಇಟ್ಟಿದ್ದೇನೆ ಅಪ್ಪಾ, ಈಗ ಹೇಗೆ ಬರುವುದು ಎಂದರಂತೆ. ಅಜ್ಜ ಒಬ್ಬರೇ ಬಸ್ಸು ಹತ್ತಿದರು. ಒಂದು ಪಾತ್ರೆ ಅನ್ನದಿಂದ ಉಳಿದ ಸಂಸಾರ ಎಂದು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವತ್ತು ಹೊರಗಿನ ಕೋಣೆಯಲ್ಲಿ ಕುಳಿತು ಚಿಕ್ಕಪ್ಪ ಅಪ್ಪ-ಮಗಳ ಆ ಮಾತನ್ನು ಕೇಳಿಸಿಕೊಂಡಿದ್ದರು ಎಂಬುದು ನಮಗೆ ಹೊಳೆದಿರಲಿಲ್ಲ.

ಹೋದ ವರ್ಷ ಠಾಣೆಯಿಂದ ನೆರೂಳಕ್ಕೆ ಬರುವ ಲೋಕಲ್ ರೈಲಿನಲ್ಲಿ ನಾನು, ಚಿಕ್ಕಪ್ಪ ಇಬ್ಬರೇ ಎದುರುಬದುರು ಕೂತಿದ್ದೆವು. ರೈಲಿನ ಫ್ಯಾನಿನ ವೈರನ್ನು ದಿಟ್ಟಿಸುತ್ತಿದ್ದವರು ಇದ್ದಕ್ಕಿದ್ದಂತೆ, ಅವತ್ತು ಅನ್ನಕ್ಕೆ ಇಟ್ಟಿರದಿದ್ದರೆ ನಿನ್ನ ಚಿಕ್ಕಮ್ಮ ಹೋಗುತ್ತಿದ್ದಳೋ ಏನೋ ಎಂದರು. ತಮಾಷೆಯೆಂದುಕೊಂಡು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಅವರನ್ನೇ ಕೇಳಿಬಿಡಿ ಎಂದೆ.

“ಅದೊಂದು ಟೆಸ್ಟ್ ಮಾಡ್ಲಿಕ್ಕೆ ನಂಗೆ ಧೈರ್ಯ ಇಲ್ಲ ಮಾರಾಯ್ತಿ,” ಎಂದರು.

ನನಗೆ ತುಂಬ ಸಂಕಟವಾಯಿತು. ಇಷ್ಟು ವರ್ಷ ಈ ಮನುಷ್ಯ ಹೆಂಡತಿ ಮಾಡಿ ಬಡಿಸಿದ್ದನ್ನು ಪರರ ಮನೆಯ ಊಟದಂತೆ ಸಂಕೋಚದಿಂದ ಉಂಡಿದ್ದಾರೆ! ಚಿಕ್ಕಮ್ಮ ಒಂದು ಮಾತು ಹೆಚ್ಚು ಆಡುವವರಲ್ಲ. ಇವರು ಕೇಳುವವರಲ್ಲ. ಇಬ್ಬರಿಗೂ ವಯಸ್ಸಾಯಿತು. ಇನ್ನು ಯಾವಾಗ?

ಈಚೆಗೆ ಚಿಕ್ಕಪ್ಪನಿಗೆ ಎಪ್ಪತ್ತು ತುಂಬಿತು. ನಮ್ಮ ಮನೆಯಲ್ಲೇ ಊಟವಿಟ್ಟುಕೊಂಡೆ. ನಾಲ್ಕೇ ಜನ, ನೆಲದ ಮೇಲೆ ಬಾಳೆಲೆ. ಬಂದವರು ವಾಡಿಕೆಯಂತೆ ಗುಂಡಿ ಒತ್ತಿದರು, ಕರೆಂಟು ಹೋಯಿತು, ಬಂತು, ಎಲ್ಲರೂ ಸಮಾಧಾನದಿಂದ ಕೂತೆವು. ಪಾಯಸದ ಹೊತ್ತಿಗೆ ನನ್ನ ಗಂಡ ಮಹಾಪಾಲಿಕೆಯ ಕಥೆ ಶುರು ಮಾಡಿದರು. ನಾನು ಕಣ್ಣಲ್ಲೇ ಬೇಡವೆಂದೆ. ಗಂಡಂದಿರಿಗೆ ಕಣ್ಸನ್ನೆ ತಿಳಿಯಬೇಕಲ್ಲ! ತಲೆಬುರುಡೆ ದಾಟಿ, ಅನ್ನದ ಪಾತ್ರೆ ದಾಟಿ, ಸೀದಾ ಅಲ್ಲಿಗೇ ಬಂದರು.

“ನಿಜ ಹೇಳಿ ಚಿಕ್ಕಮ್ಮ. ಇವರು ವೈರ್‌ಮನ್ ಅಂತ ಮೊದಲೇ ಗೊತ್ತಿದ್ದಿದ್ರೆ ಒಪ್ತಿದ್ರಾ?”

ಚಿಕ್ಕಪ್ಪ ಎದ್ದು ಹೋಗಲು ನೋಡಿದರು. ಮಂಡಿನೋವು, ಕೂಡಲೇ ಏಳಲಾಗಲಿಲ್ಲ.

“ಗೊತ್ತಿತ್ತಲ್ಲ,” ಎಂದರು ಚಿಕ್ಕಮ್ಮ.

ಚಿಕ್ಕಮ್ಮ ಪಾಯಸದ ಪಾತ್ರೆಯನ್ನು ಕೆಳಗಿಟ್ಟು, ನನ್ನ ಕಡೆ ನೋಡಿಕೊಂಡು ಹೇಳತೊಡಗಿದರು. ನಾನು ಹುಟ್ಟಿದಾಗ ಅಜ್ಜಿ ಇರಲಿಲ್ಲವಾದ್ದರಿಂದ ಅಮ್ಮನ ಬಾಣಂತನಕ್ಕೆಂದು ಅವರೇ ಡೊಂಬಿವಲಿಗೆ ಬಂದಿದ್ದರಂತೆ. ಗಣಪತಿ ಹಬ್ಬದ ಸಮಯ. ಅಮ್ಮ ಇದ್ದ ಚಾಳಿನ, ಎಂದರೆ ವಠಾರದ, ಅಂಗಳದಲ್ಲಿ ತಗಡಿನ ಮಂಡಪ. ಮಳೆ ಬಂದು ನೆಲವೆಲ್ಲ ಒದ್ದೆ, ಮಕ್ಕಳು ಬರಿಗಾಲಲ್ಲಿ ತಗಡಿಗೆ ಒರಗಿಕೊಂಡು ನಿಂತಿದ್ದರು. ಆರತಿ ಏರುತ್ತಿದ್ದಾಗ ಪಾಲಿಕೆಯ ಒಬ್ಬ ತೆಳ್ಳಗಿನ ಹುಡುಗ ಬಂದು ಫ್ಯೂಸ್ ಕಿತ್ತು ಕೈಯಲ್ಲಿ ಹಿಡಿದುಕೊಂಡುಬಿಟ್ಟ. ತಗಡಿಗೆ ತಾಗಿದ ಒಂದು ವೈರಿನ ಸಿಪ್ಪೆ ಹೋಗಿತ್ತು. ಆರತಿಗೆ ವಿಘ್ನ ತಂದನೆಂದು ಜನ ಮೈಮೇಲೆ ಬಿದ್ದರು, ಬೈದರು, ಅಂಗಿ ಹರಿದರು. ಮಕ್ಕಳು ಈಚೆ ಬಂದು, ವೈರು ಬದಲಾಗುವವರೆಗೆ ಆತ ಮುಷ್ಟಿ ಬಿಚ್ಚಲಿಲ್ಲ.

“ಮಹಡಿಯ ಗ್ಯಾಲರಿಯಿಂದ ಎಲ್ಲ ನೋಡಿದೆ. ನೀನೂ ಇದ್ದಿ, ನನ್ನ ತೋಳಲ್ಲಿ ಮಲಗಿದ್ದಿ. ಅವನು ಯಾರು ಅಂತ ಅಕ್ಕನ ಹತ್ರ ನಾನೇ ಕೇಳಿದ್ದು. ಸಂಬಂಧ ಕೇಳಿ ನೋಡು ಅಂತಲೂ ನಾನೇ ಹೇಳಿದ್ದು. ಅಪ್ಪ ಕಾಗದ ಓದಿ, ತಂತ್ರಿಯಂತೆ, ನೀನು ನೋಡಿದ್ದುಂಟಾ ಅಂದ್ರು. ನೋಡಿದ್ದೇನೆ ಅಂದೆ. ಸುಳ್ಳೆಂಥದ್ದೂ ಹೇಳ್ಲಿಲ್ಲ.”

ಈ ಸಲ ಚಿಕ್ಕಪ್ಪನ ಕಡೆಗೇ ತಿರುಗಿದರು. “ಯಾರದ್ದೋ ಮಕ್ಕಳಿಗೋಸ್ಕರ ಅಷ್ಟು ಬೈಗುಳ ತಿಂದವರು ನೀವು. ನನ್ನನ್ನು ಹೇಗೆ ನೋಡಿಕೊಳ್ತೀರಿ ಅಂತ ಅವತ್ತೇ ಗೊತ್ತಾಯ್ತು. ಅದನ್ನು ಬಿಟ್ಟು ಅಪ್ಪನ ಜೊತೆ ಎಲ್ಲಿಗೆ ಹೋಗ್ಲಿ? ಅನ್ನದ ಸುದ್ದಿ ಹೇಳಿದ್ದು ಅಪ್ಪನಿಗೆ ಬೇಜಾರಾಗ್ಬಾರ್ದು ಅಂತ.”

ನಾನು ಅಳುತ್ತಿದ್ದೆ. ನನ್ನ ಗಂಡ ಚಟ್ನಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ಚಿಕ್ಕಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಏನಾದರೂ ದೊಡ್ಡ ಮಾತು ಹೇಳುತ್ತಾರೆಂದು ಕಾದೆ. ಕೊನೆಗೆ ಪೊಲೀಸರೆದುರು ಒಪ್ಪಿಕೊಳ್ಳುವವರಂತೆ ತಲೆ ತಗ್ಗಿಸಿ ಹೇಳಿದರು.

“ಅವತ್ತು ನನ್ನ ಹತ್ರ ಪರ್ಮಿಟ್ ಇರ್ಲಿಲ್ಲ. ನಾನಾಗ ಬರೀ ಹೆಲ್ಪರ್. ಪರೀಕ್ಷೆ ಪಾಸಾದದ್ದೇ ಆಮೇಲೆ.”

ಚಿಕ್ಕಮ್ಮ ಸೌಟು ತುಂಬ ಪಾಯಸ ತೆಗೆದು ಅವರ ಎಲೆಗೆ ಬಡಿಸಿದರು.

“ನಾನು ಕೇಳಿದ್ದೇನಾ?” ಎಂದರು.