ಬೆಣ್ಣೆಯಂಥ ಕಾರು

ಎಲ್ಲ ರಗಳೆಗೂ ಮೂಲ ಒಂದು ಇಸ್ತ್ರಿಪೆಟ್ಟಿಗೆ.

ಆ ಕಟ್ಟಡದಲ್ಲಿ ಮನೆಗಳು ಬೇಕಾದಷ್ಟಿದ್ದವು; ಕಾರು ನಿಲ್ಲಿಸುವ ಅಂಗಳಕ್ಕೆ ಎಟುಕುವ ಪ್ಲಗ್ಗು ಮಾತ್ರ ಒಂದೇ, ಮೆಟ್ಟಿಲ ಕೆಳಗೆ. ಮೂರನೆಯ ಮಹಡಿಯ ಕನ್ನಡಕದಂಗಡಿಯವನು ಹಿಂದಿನ ರಾತ್ರಿ ತನ್ನ ಎಲೆಕ್ಟ್ರಿಕ್ ಕಾರಿನ ವೈರನ್ನು ಅದಕ್ಕೆ ಸಿಕ್ಕಿಸಿ, ಕಾರಿನ ಬೆನ್ನು ತಟ್ಟಿ, ಮಲಗಲು ಹೋಗಿದ್ದ. ಅವನ ಬೆನ್ನಿಗೇ ನೆಲಮಹಡಿಯ ಟೈಲರಮ್ಮ ಬಂದು, ಐದೇ ನಿಮಿಷ ಎಂದುಕೊಂಡು, ಅದನ್ನು ಕಿತ್ತು ಇಸ್ತ್ರಿಪೆಟ್ಟಿಗೆ ಹಾಕಿದಳು. ಇಸ್ತ್ರಿ ಮುಗಿಯಿತು. ವೈರು ಮರೆತೇಹೋಯಿತು.

“ಒಂದೇ ಒಂದು ಕೋಟು ಅಣ್ಣಾ, ದೇವರಾಣೆ,” ಎಂದಳು ಬೆಳಗ್ಗೆ. “ನಿಮ್ಮ ಕಾರು ಒಂದು ಸಲ ಕೂಗಿದ್ರೂ ಎದ್ದು ಬರ್ತಿದ್ದೆ. ಅದಕ್ಕೆ ಬಾಯೇ ಇಲ್ವಲ್ಲ!”

“ನಾನು ಆವತ್ತೇ ಹೇಳಿದ್ದೆ, ಸೈಕಲ್ ತಗೊಳ್ಳಿ ಅಂತ,” ಎಂದರು ಮೇಲಿನ ಬಾಲ್ಕನಿಯಿಂದ ರಿಟೈರ್ಡ್ ಮೇಷ್ಟ್ರು. ಅವರು ಎಲ್ಲವನ್ನೂ ಆವತ್ತೇ ಹೇಳಿರುತ್ತಿದ್ದರು.

ಕಾರಿಗೆ ಬಾಯಿ ಇಲ್ಲದ್ದು ನಿಜ. ಅದಕ್ಕೆ ಮರುಳಾಗಿಯೇ ಅವನು ಅದನ್ನು ಕೊಂಡದ್ದು. ಹಗಲೆಲ್ಲ ಅರೆಗತ್ತಲ ಕೋಣೆಯಲ್ಲಿ ಊರವರ ಕಣ್ಣಿಗೆ ಅಕ್ಷರ ತೋರಿಸಿ ದಣಿದವನು ಸಂಜೆ ಆ ಕಾರಿನಲ್ಲಿ ಕೂತರೆ, ರಸ್ತೆಯೇ ನೀರಾಗಿ ತಾನು ದೋಣಿಯಲ್ಲಿ ತೇಲುತ್ತಿರುವಂತೆ ಅನಿಸುತ್ತಿತ್ತು. ಮನೆ ಬಂದರೂ ಇಳಿಯದೆ, ಸ್ಟಿಯರಿಂಗ್ ಹಿಡಿದು ಎಲ್ಲೋ ಹೋಗಿಬಿಟ್ಟಿರುತ್ತಿದ್ದ. ಉಳಿದದ್ದೆಲ್ಲ ಕಣ್ಣಿಗೆ ಬೀಳುತ್ತಿದ್ದುದು ಹೆಂಡತಿಗೆ: ಹಿಂದಿನ ದೀಪದೊಳಗೆ ನಿಂತ ಮಳೆನೀರು, ಬಾಗಿಲುಗಳ ನಡುವೆ ಬೆರಳು ತೂರುವಷ್ಟು ಸಂದು, ರಸ್ತೆಯ ಉಬ್ಬು ಹಾರಿಸಿದಾಗಲೆಲ್ಲ ಕಳಚಿ ಮಡಿಲಿಗೆ ಬೀಳುವ ಪ್ಲಾಸ್ಟಿಕ್ ಪಟ್ಟಿ. ಬಾಗಿಲ ಹಿಡಿಯಂತೂ ನಾಚಿಕೆಯ ಮದುಮಗಳ ಹಾಗೆ ಒಳಗೇ ಅಡಗಿರುತ್ತಿತ್ತು. ಎರಡು ಗುದ್ದು ಕೊಟ್ಟರೇ ಹೊರಗೆ ಬರುವುದು.

ಆವತ್ತು ಆ ಹೆಂಡತಿಯ ಪಾಲಿಗೆ ದೊಡ್ಡ ದಿನ. ವರ್ಷಾನುಗಟ್ಟಲೆ ಬೀದಿಯ ಮಕ್ಕಳಿಗೆ ಪಿಟೀಲು ಕಲಿಸಿ ಕಿವಿ ಸವೆಸಿಕೊಂಡಿದ್ದವಳನ್ನು ಗುಡ್ಡದಾಚೆಯ ಊರಿನ ಸಭಾಂಗಣದವರು ಮೊದಲ ಸಲ ವೇದಿಕೆಗೆ ಕರೆದಿದ್ದರು. ಸಂಜೆ ಆರಕ್ಕೆ, ಅವಳೊಬ್ಬಳದೇ ಕಚೇರಿ. ತಪ್ಪಿದರೆ ಇನ್ನೊಮ್ಮೆ ಕರೆಯುವವರು ಯಾರು?

“ನಾನು ಬಸ್ಸಲ್ಲೇ ಹೋಗ್ತೀನಿ ಕಣ್ರೀ,” ಎಂದಳು.

“ಕಾರಿಟ್ಕೊಂಡು ಬಸ್ಸಾ? ಬೆಳಗ್ಗೆಯಿಂದ ಕರೆಂಟ್ ಇಲ್ದಿದ್ರೇನು, ಅರ್ಧ ಚಾರ್ಜ್ ಇದೆ. ದಾರೀಲಿ ಚಾರ್ಜಿಂಗ್ ಸ್ಟೇಷನ್ನೂ ಇದೆ. ತೇಲ್ಕೊಂಡು ಹೋಗೋಣ ಬಾ.”

ಅಷ್ಟರಲ್ಲಿ ಅವಳ ಅಪ್ಪನ ಫೋನು. ಹಳೆಯ ಕಾರೊಂದನ್ನು ಮಕ್ಕಳಿಗಿಂತ ಮುದ್ದಾಗಿ ಸಾಕಿದ್ದರಿಂದ ಬಂಧುಬಳಗವೆಲ್ಲ ಅವರನ್ನು ಪೆಟ್ರೋಲ್ ಮಾವ ಎಂದೇ ಕರೆಯುತ್ತಿತ್ತು.

“ಏನು ಅಳಿಯಂದ್ರೆ, ಹೇಗಿದೆ ನಿಮ್ಮ ಆಟದ ಸಾಮಾನು?”

“ಬೆಣ್ಣೆ ಮಾವ, ಬೆಣ್ಣೆ!”

“ದಾರೀಲಿ ಚಾರ್ಜು ಮುಗಿದ್ರೆ?”

“ಎಲ್ಲಿ ಮುಗಿಯುತ್ತೆ? ಸೊನ್ನೆ ತೋರಿಸಿದ ಮೇಲೂ ಆರಾಮಾಗಿ ಒಂದು ಗುಡ್ಡ ಹತ್ತುತ್ತೆ.”

“ಹೌದಾ!” ಎಂದರು ಮಾವ. “ಸರಿ ಹಾಗಾದ್ರೆ. ಕಚೇರಿಗೆ ನಾನೂ ಅದೇ ದಾರೀಲಿ ಬರ್ತೀನಿ. ಸಿಗೋಣ.”

ಹೆಂಡತಿ ಹುಬ್ಬು ಗಂಟಿಕ್ಕಿದಳು. “ಅಪ್ಪನ ಹತ್ರ ಯಾಕ್ರೀ ಹೀಗೆ ಬುರುಡೆ ಬಿಡ್ತೀರಾ?”

“ಕೊಂಡ ದಿನದಿಂದ ಬಿಡ್ತಾ ಇದೀನಿ. ಈಗ ನಿಲ್ಲಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?”

ಹೊರಟರು. ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಯಂತ್ರಗಳು ಎರಡು. ಒಂದಕ್ಕೆ ‘ಕೆಟ್ಟಿದೆ’ ಎಂಬ ಚೀಟಿ, ಇನ್ನೊಂದಕ್ಕೆ ಒಂದು ದೊಡ್ಡ ಕಾರು ಅಂಟಿಕೊಂಡಿತ್ತು. ಒಳಗೆ ಅದರ ಒಡೆಯ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಗಾಜು ತಟ್ಟಿದರೆ ಒಂದೇ ಕಣ್ಣು ಬಿಟ್ಟ.

“ಇನ್ನೂ ಒಂದು ಗಂಟೆ ಆಗುತ್ತೆ ಸ್ವಾಮಿ. ನೀವೂ ಒಂದು ನಿದ್ದೆ ತೆಗೀರಿ. ಈ ಕಾರು ತಗೊಂಡ್ಮೇಲೇ ನಾನು ಕಣ್ತುಂಬ ನಿದ್ದೆ ಮಾಡಿದ್ದು.”

ಅಷ್ಟು ಹೊತ್ತು ಕಾಯುವಂತಿರಲಿಲ್ಲ. ಚಾರ್ಜು ಉಳಿಸಲೆಂದು ಅವನು ಎ.ಸಿ. ಆರಿಸಿದ, ರೇಡಿಯೋ ಆರಿಸಿದ, ಹೆಂಡತಿ ಗಾಜಿನ ಗುಂಡಿಗೆ ಕೈಹಾಕಿದರೆ “ಬೇಡ ಬೇಡ, ಅದೂ ತಿನ್ನುತ್ತೆ” ಎಂದ.

“ನಾನು ಉಸಿರಾಡಬಹುದಾ?” ಎಂದು ಕೇಳಿದಳು ಅವಳು, ಪಿಟೀಲಿನ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು.

ಗುಡ್ಡದ ಏರು ಶುರುವಾಗುತ್ತಲೇ ಮಂಜು ಇಳಿಯಿತು. ಮರಗಳೆಲ್ಲ ಕರಗಿ ನೆರಳಾದವು. ಸದ್ದೇ ಇಲ್ಲ, ಅವಳು ಸಂಜೆಯ ರಾಗವನ್ನು ಬಾಯಿ ಮುಚ್ಚಿಯೇ ಗುನುಗುತ್ತಿದ್ದುದಷ್ಟೇ. ಪರದೆಯ ಮೇಲಿನ ಅಂಕಿ ಒಂದೊಂದೇ ಇಳಿಯುತ್ತಿತ್ತು. ಅವನು ನೋಡಲಿಲ್ಲ. ಆಹಾ, ಎಂಥ ಸುಖ! ಹೀಗೇ ತೇಲುತ್ತ ಗುಡ್ಡ ಬಿಟ್ಟು ಮೋಡ ಹತ್ತಿಬಿಟ್ಟರೆ, ಅಲ್ಲೊಂದು ಸಭಾಂಗಣವಿದ್ದರೆ, ಅಲ್ಲಿ ಇವಳು ಕೂತು ನುಡಿಸುತ್ತಿದ್ದರೆ...

“ರೀ,” ಎಂದಳು ಹೆಂಡತಿ ಮೆಲ್ಲಗೆ. “ಮರಗಳು ಹಿಂದೆ ಹೋಗ್ತಿಲ್ಲ.”

ಕಾರು ನಿಂತು ಎಷ್ಟು ಹೊತ್ತಾಗಿತ್ತೋ. ಓಡಿದಷ್ಟೇ ನಯವಾಗಿ ನಿಂತಿತ್ತು, ಪಾಪ.

ಇಳಿದು ನೋಡಿದರೆ ಮಂಜಿನ ಸಂದಿಯಲ್ಲಿ ಆಚೆ ಊರಿನ ದೀಪಗಳು ಕಾಣುತ್ತಿದ್ದವು. ಹೆಂಡತಿಯ ಕಣ್ಣಲ್ಲಿ ನೀರಾಡಿತು. ಅದನ್ನು ಕಂಡು ಅವನು ಹತ್ತಿರ ಬಂದ.

“ಅಳಬೇಡ ಕಣೇ. ಮಾವ ಹಿಂದೇನೇ ಬರ್ತಿದ್ದಾರಲ್ಲ. ಅವರ ಕಾರಲ್ಲಿ ಕೂತು ಹೋಗಿಬಿಡು. ನಾನು ಎಲ್ಲಾ ನಿಜ ಹೇಳಿಬಿಡ್ತೀನಿ. ಬೈಲಿ, ಬೈಸ್ಕೋತೀನಿ.”

ಇಬ್ಬರೂ ಕಿವಿಗೊಟ್ಟು ನಿಂತರು. ಮಾವನ ಕಾರಿನ ಗುಡುಗು ಎರಡು ಊರಿನಾಚೆಯಿಂದ ಕೇಳಬೇಕು. ಇಷ್ಟು ದಿನ ಅದಕ್ಕೆ ಮೂಗು ಮುರಿದಿದ್ದವನು ಈಗ ಆ ಗಡಗಡ ಸದ್ದಿಗಾಗಿ ಜೀವ ಹಿಡಿದು ಕಾದ. ಎಲೆಗಳಿಂದ ಹನಿ ತೊಟ್ಟಿಕ್ಕುವುದು ಕೇಳಿತು. ಬೇರೇನೂ ಇಲ್ಲ.

“ಪೀಂ,” ಎಂದಿತು ಏನೋ, ಬೆನ್ನ ಹಿಂದೆಯೇ.

ಇಬ್ಬರೂ ಬೆಚ್ಚಿ ತಿರುಗಿದರು. ಅವರದೇ ಕಾರಿನ ಅವಳಿಯೊಂದು, ಹೊಚ್ಚ ಹೊಸದು, ಮಾರು ದೂರದಲ್ಲಿ ನಿಂತಿತ್ತು. ಅದರ ಗಾಜು ಎರಡು ಬೆರಳಷ್ಟು ಇಳಿದು ಅಲ್ಲೇ ಸಿಕ್ಕಿಕೊಂಡಿತು. ಆ ಸಂದಿನಲ್ಲಿ ಪೆಟ್ರೋಲ್ ಮಾವನ ಮೀಸೆ ಕಂಡಿತು.

“ಹೇಗಿದೆ ಅಳಿಯಂದ್ರೆ ನನ್ನ ತಮಾಷೆ? ದಿನಾ ಬೆಣ್ಣೆ ಬೆಣ್ಣೆ ಅಂತಿದ್ರಲ್ಲ, ಆಸೆ ತಡೀಲಿಲ್ಲ. ಹಳೇದನ್ನ ಕೊಟ್ಟು ಇದನ್ನೇ ತಂದುಬಿಟ್ಟೆ!”

“ಮಾವ... ಚಾರ್ಜು?”

“ಬೆಳಗ್ಗೆಯಿಂದ ಊರೆಲ್ಲಾ ತೋರಿಸ್ಕೊಂಡು ಬಂದೆ. ಗುಡ್ಡದ ಬುಡದಲ್ಲೇ ಸೊನ್ನೆ ಅಂತು. ನೀವು ಹೇಳಿದ್ದು ನೆನಪಾಗಿ ಧೈರ್ಯವಾಗಿ ಹತ್ತಿಸಿದೆ. ನೋಡಿ, ನಿಮ್ಮ ಹತ್ರ ಬಂದೇ ನಿಂತಿದ್ದು!” ಎಂದವರು ಬಾಗಿಲಿಗೆ ಭುಜ ಕೊಟ್ಟು ನೂಕಿದರು. ಅದು ಜಪ್ಪಯ್ಯ ಎನ್ನಲಿಲ್ಲ. “ಅಲ್ಲಾ, ಇದು ತೆಗೆಯೋದು ಹೇಗೆ?”

ಆಗ ಕೆಳಗಿನಿಂದ ಬ್ರೆಡ್ಡಿನ ವ್ಯಾನೊಂದು ಕೆಮ್ಮುತ್ತ, ಹೊಗೆಯುಗುಳುತ್ತ, ಗುಡ್ಡವೇ ನಡುಗುವಂತೆ ಬಂತು. ಹೆಂಡತಿ ರಸ್ತೆಯ ನಡುವೆ ನಿಂತು ಕೈ ಚಾಚಿದಳು. ಡ್ರೈವರಿನ ಪಕ್ಕ ಹತ್ತಿ ಕೂತು, ಪಿಟೀಲನ್ನು ಮಡಿಲಿಗೆ ಎಳೆದುಕೊಂಡಳು.

“ನಾನು ಬ್ರೆಡ್ಡಿನ ಜೊತೆ ಹೋಗ್ತೀನಿ. ನೀವಿಬ್ರೂ ಇಲ್ಲೇ ಬೆಣ್ಣೆ ತಿಂತಾ ಕೂತಿರಿ!”

ವ್ಯಾನಿನ ಸದ್ದು ಮಂಜಿನಲ್ಲಿ ಕರಗಿತು. ಕನ್ನಡಕದಂಗಡಿಯವನು ಮಾವನ ಬಾಗಿಲಿಗೆ ಎರಡು ಗುದ್ದು ಕೊಟ್ಟ, ನಾಲ್ಕು ಕೊಟ್ಟ. ಹಿಡಿ ಹೊರಬರಲಿಲ್ಲ. ಇನ್ನು ತಪ್ಪೊಪ್ಪಿಕೊಳ್ಳದೆ ವಿಧಿಯಿಲ್ಲ ಎಂದು ಗಾಜಿನ ಸಂದಿಗೆ ಬಾಯಿ ಇಟ್ಟು, “ಮಾವ, ನಿಜ ಹೇಳ್ಬೇಕು ಅಂದ್ರೆ...” ಎಂದು ಶುರುಮಾಡಿದ.

ಒಳಗೆ ಮಾವನ ಫೋನು ಬಡಿದುಕೊಂಡಿತು. ಇರಿ ಎಂಬಂತೆ ಅಳಿಯನಿಗೆ ಕೈ ಮಾಡಿದರು. ಮಾವನ ತಮ್ಮನ ದೊಡ್ಡ ಗಂಟಲು ಹೊರಗಿನವರೆಗೂ ಕೇಳಿತು: “ಏನಣ್ಣಾ, ಹೇಗಿದೆ ಹೊಸ ಕಾರು?”

ಮಾವ ತೆರೆಯದ ಬಾಗಿಲನ್ನು ನೋಡಿದರು, ಕತ್ತಲಾದ ಪರದೆಯನ್ನು ನೋಡಿದರು, ಹೊರಗೆ ಮಂಜಿನಲ್ಲಿ ನೆನೆಯುತ್ತಿದ್ದ ಅಳಿಯನನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

“ಬೆಣ್ಣೆ ಕಣೋ,” ಎಂದರು. “ಬೆಣ್ಣೆ!”