ಅತ್ತೆಯ ದನಿಯೂ ಕಂಪ್ಯೂಟರಿನ ತಾರೀಖೂ

ಮೊದಲ ಸಂದರ್ಶನಕ್ಕೆ ಒಪ್ಪಿಗೆ ಪಡೆಯಲು ಅಳಿಯನಿಗೆ ಮೂರು ತಿಂಗಳು ಹಿಡಿಯಿತು. ಹೆಂಡತಿಯ ಸೋದರತ್ತೆ ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕಾಗದಗಳಿಗೆ ಸೀಲು ಹೊಡೆದವರು. ಅವರ ನೆನಪುಗಳನ್ನು ಧ್ವನಿಮುದ್ರಿಸಿ ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಸೇರಿಸುವುದು ಅವನ ಮಹಾಸಂಕಲ್ಪ. ಅತ್ತೆಯ ಷರತ್ತು ಒಂದೇ: ಮಾತು ಮುಗಿದ ಕೂಡಲೇ ಕೇಳಿಸಬೇಕು, ತಾವು ಆಡದ ಒಂದು ಪದವಿದ್ದರೂ ಎರಡನೆಯ ಸಲ ಬಾಯಿ ತೆರೆಯುವುದಿಲ್ಲ.

ಅಂದು ಬೆಳಿಗ್ಗೆ ಇಂಟರ್ನೆಟ್ ಕೈಕೊಟ್ಟಿತ್ತು. ಅಳಿಯ ಧೃತಿಗೆಡಲಿಲ್ಲ. ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್, ಅದಕ್ಕೆ ಯಾರ ಹಂಗೂ ಇಲ್ಲ ಎಂದು ಘೋಷಿಸಿದ.

"ತಾರೀಖು ಸರಿ ಇದೆಯಾ ನೋಡಿದ್ರಾ, ಅಳಿಯಂದ್ರೇ?" ಎಂದರು ಅತ್ತೆ. "ನಾವು ದಿನಾ ಸೀಲಿನ ತಾರೀಖು ತಿರುಗಿಸಿ, ಮೊದಲು ರದ್ದಿ ಕಾಗದದ ಮೇಲೆ ಹೊಡೆದು ನೋಡ್ತಿದ್ವಿ."

"ಇದು ಯಂತ್ರ ಅತ್ತೆ, ತಾನೇ ತಿರುಗಿಸ್ಕೊಳ್ಳುತ್ತೆ."

ಅತ್ತೆ ಒಂದು ಗಂಟೆ ಮುತ್ತು ಸುರಿಸಿದರು. ಅಷ್ಟರಲ್ಲಿ ಇಂಟರ್ನೆಟ್ಟೂ ಬಂತು. ಧ್ವನಿಮುದ್ರಣಗಳ ಪಟ್ಟಿಯಲ್ಲಿ ಹೊಸ ತಾರೀಖಿನದು ಯಾವಾಗಲೂ ಮೇಲಿರುತ್ತದೆ. ಅಳಿಯ ಗತ್ತಿನಿಂದ ಮೇಲಿನದನ್ನೇ ಒತ್ತಿದ.

ಹೊರಬಂದದ್ದು ಹಿಂದಿನ ದಿನದ ತಾಲೀಮು. ಪ್ರಶ್ನೆಯೂ ಅವನದೇ, ಅತ್ತೆಯಂತೆ ಮೂಗಿನಲ್ಲಿ ಎಳೆದೆಳೆದು ಕೊಟ್ಟ ಉತ್ತರವೂ ಅವನದೇ: "ನಮ್ಮ ಕಾಲದಲ್ಲಿ ಕಾಗದಕ್ಕೂ ಒಂದು ಶಿಸ್ತಿತ್ತು, ಈಗಿನ ಅಳಿಯಂದ್ರಿಗಿಲ್ಲಾ..."

ಅವನ ಕಿವಿ ಕಾದ ಹೆಂಚಾಯಿತು. ನಿಲ್ಲಿಸುವ ಗುಂಡಿ ಬೆರಳಿಗೆ ಸಿಗಲೊಲ್ಲದು.

ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೆಂಡತಿ ಪಕ್ಕದ ಕೋಣೆಯಿಂದ ಬಂದು ನೋಡಿದಳು. ಅತ್ತೆಯ ನಿಜವಾದ ಮಾತು ಪಟ್ಟಿಯ ತಳ ಹಿಡಿದಿತ್ತು. ಅದರ ತಾರೀಖು 1970ರ ಜನವರಿ ಒಂದು. ಒಳಗಿನ ಪುಟ್ಟ ಬ್ಯಾಟರಿ ಸತ್ತು, ಗಡಿಯಾರ ಲಿನಕ್ಸ್ ಕಾಲವನ್ನು ಎಣಿಸತೊಡಗುವ ದಿನಕ್ಕೆ, ಎಂದರೆ ತನ್ನ ಹುಟ್ಟಿದ ದಿನಕ್ಕೆ, ಮರಳಿತ್ತು.

"ನೆಟ್ ಬಂತಲ್ಲೇ, ಇನ್ನೂ ಯಾಕೆ ಸರಿಹೋಗಿಲ್ಲ?"

"ದಿನಾ ನೆಟ್ಟಲ್ಲೇ ಕೇಳಿ ಸರಿಮಾಡ್ಕೊಳ್ತಿತ್ತು. ಇವತ್ತು ಬೆಳಿಗ್ಗೆ ಟೈಮ್ ಎಷ್ಟು ಅಂತ ಕೇಳಿ ಕೇಳಿ, ಯಾರೂ ಓಗೊಡದೆ, ಮುಸುಕೆಳ್ಕೊಂಡು ಮಲಗಿದೆ ರೀ. ನೆಟ್ ಬಂದ್ರೆ ಸಾಲ್ದು, ಎಬ್ಬಿಸ್ಬೇಕು."

ಒಂದೇ ಸಾಲಿನ ಆಜ್ಞೆ ಕೊಟ್ಟು, ಸಮಯ ಹೊಂದಿಸುವ ಸೇವೆಯನ್ನು ಅವಳು ಮತ್ತೆ ಶುರುಮಾಡಿದಳು. ಗಡಿಯಾರ ನಲವತ್ತೊಂಬತ್ತೂವರೆ ವರ್ಷವನ್ನು ಒಂದೇ ನೆಗೆತಕ್ಕೆ ದಾಟಿತು.

ಅತ್ತೆ ತಮ್ಮ ದನಿಯನ್ನು ಕೊನೆಯವರೆಗೂ ಕೇಳಿ, ಒಂದು ಪದವೂ ಹೆಚ್ಚುಕಡಿಮೆಯಿಲ್ಲವೆಂದು ಒಪ್ಪಿದರು. ಅಳಿಯ ತಲೆ ತಗ್ಗಿಸಿ ಎರಡನೆಯ ಸಂದರ್ಶನದ ಮಾತೆತ್ತಿದ. ಆಗಲಿ ಎಂದರು ಅತ್ತೆ. ಆದರೆ ತಾಲೀಮನ್ನು ಅಳಿಸಕೂಡದು, ತಾವು ಹೇಳುವ ಸಾಲಿನೊಂದಿಗೆ ಅದೂ ಸಂಗ್ರಹಕ್ಕೆ ಹೋಗಬೇಕು. ಅಳಿಯ ದಾಖಲೆಯಲ್ಲಿ ಬರೆದುಕೊಂಡ:

"ಧ್ವನಿ ಒಂದು. 2019ರ ಜುಲೈ 8, ಸೋಮವಾರ. ಮಾತಾಡಿದವರು: ಅಳಿಯ. ಷರಾ: ರದ್ದಿ ಕಾಗದದ ಮೇಲೆ ಹೊಡೆದ ಸೀಲು."