ಕಾರಂಜಿಯ ನೀರನ್ನು ಸಾರ್ವಜನಿಕರು ನೀರೆಂದೇ ಭಾವಿಸುತ್ತಿರುವ ಬಗ್ಗೆ

ಆರ್ಥಿಕ ಉತ್ತೇಜನ ಕೋಶ (ಕಾರಂಜಿ ಶಾಖೆ)
ಗದಗ-ಬೆಟಗೇರಿ
ಸಂಖ್ಯೆ: ಆಉಕೋ/ಕಾರಂಜಿ/ಕೊಡ/07/2025-26

ಸುತ್ತೋಲೆ

ವಿಷಯ: ಮೇಲಿನಂತೆ.

ಉಲ್ಲೇಖ:
1. ಪ್ಯಾಕೇಜಿನ ದುಂದುವೆಚ್ಚ ಕುರಿತ ವಿಶೇಷ ಚರ್ಚಾ ಸಭೆಯ ನಡಾವಳಿ (ಚರ್ಚೆ ಮುಂದುವರಿದಿದೆ).
2. ಕೈಮಗ್ಗ ನೇಕಾರರಾದ ಬೆಟಗೇರಿಯ ಚಂದ್ರವ್ವ ಇವರ ಮೌಖಿಕ ದೂರು (ಅದೂ ಮುಂದುವರಿದಿದೆ).

ಪ್ರಸ್ತಾವನೆ:

ಕುಸಿದ ವ್ಯಾಪಾರಕ್ಕೆ ಚೈತನ್ಯ ತುಂಬುವ ಆರ್ಥಿಕ ಉತ್ತೇಜನ ಪ್ಯಾಕೇಜಿನಡಿ ಬೆಟಗೇರಿಯಲ್ಲಿ ಸಂಗೀತ ಕಾರಂಜಿಯೊಂದನ್ನು ನಿರ್ಮಿಸಲಾಗಿರುತ್ತದೆ. ನೇಕಾರರ ಓಣಿಗೆ ಹೋಗಬೇಕಿದ್ದ ಟ್ಯಾಂಕರನ್ನು ಇತ್ತ ತಿರುಗಿಸಿ, ಉದ್ಘಾಟನೆಯ ದಿನ ನೀರು ಚಿಮ್ಮಿಸಲಾಯಿತು. ನೀರು ಮೇಲೇರಿದ್ದೇ ತಡ, "ಏ, ನಳಾ ಬಂದಾವ, ಕೊಡಾ ತರ್ರೆವಾ!" ಎಂಬ ಕೂಗೆದ್ದು, ಓಣಿಗೆ ಓಣಿಯೇ ಬಂದು ಪಾಳಿ ಹಚ್ಚಿತು. ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಕಾರಂಜಿಯಲ್ಲಿ ಸಂಗೀತ ಮಾತ್ರ ಉಳಿದಿತ್ತು.

ಸಿಬ್ಬಂದಿ ಬೆನ್ನಟ್ಟಿದರೂ ಚಂದ್ರವ್ವನ ಕೊಡವೊಂದೇ ಕೈಗೆ ಸಿಕ್ಕಿತು. ಉಳಿದವರೆಲ್ಲ ಓಡಿದರು, ಓಡಿದರೆ ನೀರು ತುಳುಕೀತೆಂದು ಈಕೆ ನಿಧಾನವಾಗಿ ನಡೆದದ್ದೇ ಇದಕ್ಕೆ ಕಾರಣವೆಂದು ತಿಳಿದುಬಂದಿದೆ. ಆದುದರಿಂದ ಸರ್ವರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಕಾರಂಜಿಯ ನೀರು ನೋಡುವುದಕ್ಕೆ ಮಾತ್ರ. ನೋಡುವಾಗ ಬಾಯಾರಿಕೆಯಾದಲ್ಲಿ ಮುಖ ತಿರುಗಿಸತಕ್ಕದ್ದು.

2. ಹನಿ ಸಿಡಿದು ತೊಯ್ದವರು ಸೆರಗು, ಧೋತರಗಳನ್ನು ತೊಟ್ಟಿಯೊಳಗೇ ಹಿಂಡಿ, ಒಣಗಿದ ಸ್ಥಿತಿಯಲ್ಲಿ ಮನೆ ಸೇರತಕ್ಕದ್ದು.

3. ಖಾಲಿ ಕೊಡದೊಂದಿಗೆ ಆ ದಾರಿಯಲ್ಲಿ ಹಾಯುವವರು ಅದನ್ನು ಬೋರಲು ಹಿಡಿಯತಕ್ಕದ್ದು. ಕೊಡಕ್ಕೆ ಆಸೆ ಹುಟ್ಟಿಸುವಂತಹ ಯಾವುದೇ ವರ್ತನೆಯನ್ನು ಸಹಿಸಲಾಗುವುದಿಲ್ಲ.

4. ಪ್ಯಾಕೇಜು ಸದುಪಯೋಗವಾಯಿತೇ, ಪೋಲಾಯಿತೇ ಎಂಬ ಬಗ್ಗೆ ಸಭೆಯಲ್ಲಿ ಗಂಭೀರ ಚರ್ಚೆ ನಡೆದಿರುತ್ತದೆ. "ಜನಾ ಹೆಂಗ ಓಡಿ ಬಂದ್ರು ನೋಡಿದ್ರಿಲ್ಲೋ? ಇದಕ್ಕರೀ ಉತ್ತೇಜನ ಅನ್ನೂದು!" ಎಂದು ಆಡಳಿತ ಪಕ್ಷದ ವಿರೂಪಾಕ್ಷಪ್ಪನವರು ಮೇಜು ಗುದ್ದಿದರು. "ಕೊಡಾ ಹಿಡ್ಕೊಂಡು ಬಂದಾರ್ರೀ ಗೌಡ್ರ, ಹೂವಿನ ಹಾರ ಹಿಡ್ಕೊಂಡಲ್ಲ. ಇದು ಶುದ್ಧ ದುಂದುಗಾರಿಕಿ! ಮತ್ತ ನಮ್ಮ ವಾರ್ಡಿಗೆ ಒಂದು ಕಾರಂಜಿ ಯಾಕ ಕೊಟ್ಟಿಲ್ಲ?" ಎಂದು ವಿರೋಧ ಪಕ್ಷದ ಶಫೀಕ ಸಾಹೇಬರು ಎರಡು ಮೇಜು ಗುದ್ದಿದರು. ಚರ್ಚೆಯ ಶಾಮಿಯಾನ, ಗಿರ್ಮಿಟ್ಟು, ಮಿರ್ಚಿ ಹಾಗೂ ಬಾಟಲಿ ನೀರಿನ ಖರ್ಚನ್ನು ಪ್ಯಾಕೇಜಿನಿಂದಲೇ ಭರಿಸಲು ಮಾತ್ರ ಉಭಯ ಪಕ್ಷಗಳು ಚರ್ಚೆಯಿಲ್ಲದೆ ಒಪ್ಪಿರುತ್ತವೆ.

5. ಚಂದ್ರವ್ವನ ಕೊಡವನ್ನು ನೀರು ಸಮೇತ ಸಾಕ್ಷ್ಯವೆಂದು ಸಭೆಯ ಮೇಜಿನ ಮೇಲೆ ಇರಿಸಲಾಗಿತ್ತು. ಆ ನೀರು ಬಳಕೆಯಾದರೆ ಪ್ಯಾಕೇಜು ಸದುಪಯೋಗವಾದಂತಾಗಿ ವಿರೋಧ ಪಕ್ಷಕ್ಕೆ ಸೋಲು. ಚೆಲ್ಲಿದರೆ ಪೋಲಾದಂತಾಗಿ ಆಡಳಿತ ಪಕ್ಷಕ್ಕೆ ಸೋಲು. ಆದ್ದರಿಂದ ಯಾರೂ ಮುಟ್ಟತಕ್ಕದ್ದಲ್ಲವೆಂದು ಠರಾಯಿಸಲಾಯಿತು. ಆವಿಯಾದ ಭಾಗವನ್ನು ಎರಡೂ ಪಕ್ಷಗಳು ಖಂಡಿಸಿವೆ.

6. ಈ ನಡುವೆ ಚಂದ್ರವ್ವ ಬಾಗಿಲಲ್ಲಿ ನಿಂತು, "ಸಾಹೇಬ್ರ, ಮಗಳು ರೋಹಿಣಿ ಹಡದಾಳ್ರೀ. ಚೊಚ್ಚಲ ಬಾಣಂತಿ, ಹಸಿ ಕೂಸು. ಎರೀಬೇಕಂದ್ರ ಮನ್ಯಾಗ ಹನಿ ನೀರಿಲ್ಲ. ನಿಮ್ಮ ನೀರು ಹಾಡತಾವಂದ್ರ ನಾ ಏನ ಮಾಡ್ಲಿ? ಮೊದಲನೇ ಹಾಡು ಮುಗದ ಮ್ಯಾಲೇ ತುಂಬೀನಿ," ಎಂದು ಹೇಳಿಕೊಂಡಿರುತ್ತಾರೆ. ಸದರಿ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಮುಂದಿನ ಸಭೆಯವರೆಗೆ ಕೂಸನ್ನು ಒಣ ಸ್ಥಿತಿಯಲ್ಲೇ ಕಾಯ್ದಿರಿಸಲು ಸೂಚಿಸಲಾಯಿತು.

7. ಸೂಚನೆಯನ್ನು ಪೂರ್ತಿ ಕೇಳಿಸಿಕೊಂಡ ಚಂದ್ರವ್ವ, "ಆತ್ರೀ" ಎಂದು ಒಳಬಂದು, ಕೊಡವನ್ನೆತ್ತಿ ಸೊಂಟದ ಮೇಲಿಟ್ಟುಕೊಂಡರು. ತಡೆಯಲೆಂದು ಸದಸ್ಯರೆಲ್ಲ ಎದ್ದು ನಿಂತದ್ದು ನಿಜ. ಆದರೆ ಹೆಣ್ಣುಮಗಳೊಬ್ಬಳು ತುಂಬಿದ ಕೊಡ ಹೊತ್ತು ಎದುರಿಗೆ ಬರುವಾಗ ಅಡ್ಡ ನಿಲ್ಲುವ ಎದೆ ಯಾವ ಪಕ್ಷಕ್ಕೂ ಇರಲಿಲ್ಲ, ಚುನಾವಣೆ ಸಮೀಪವಿರುತ್ತದೆ. ವಿರೂಪಾಕ್ಷಪ್ಪನವರು ಚಪ್ಪಲಿ ಕಳಚಿ ಕೈ ಮುಗಿದರು. ಬದಿಗಿದ್ದ ಶಫೀಕ ಸಾಹೇಬರು ಶಕುನ ತಪ್ಪೀತೆಂದು ಸುತ್ತು ಹಾಕಿ ಬಂದು ಕೊಡಕ್ಕೆ ಎದುರಾದರು. ಕೋಶದ ಅಧಿಕಾರಿಗಳು ಬಾಗಿಲು ತೆರೆದು ಹಿಡಿದದ್ದು ಬಡ್ತಿಯ ನಿರೀಕ್ಷೆಯಿಂದಲ್ಲವೆಂದು ಸ್ಪಷ್ಟಪಡಿಸಲಾಗಿದೆ. ಚಂದ್ರವ್ವ ಯಾರನ್ನೂ ನೋಡಲಿಲ್ಲ. ನೀರಿನ ಮೇಲೆ ಕಣ್ಣಿಟ್ಟು, ತುಳುಕದಂತೆ ಓಣಿಯ ದಾರಿ ಹಿಡಿದರು.

8. ಸ್ಥಳ ತನಿಖೆಗೆ ತೆರಳಿದ ಸಿಬ್ಬಂದಿಯ ವರದಿಯಂತೆ ನೀರು ಕಾಸಿ, ಬಾಣಂತಿಗೂ ಕೂಸಿಗೂ ಎರೆಯಲಾಗಿದೆ. ಸಾಂಬ್ರಾಣಿ ಹೊಗೆ ಹಾಕಲಾಗಿದೆ. ಕೂಸು ಮಲಗಿದೆ. ಆದುದರಿಂದ ಈ ಸುತ್ತೋಲೆಯನ್ನು ಸದರಿ ಓಣಿಯಲ್ಲಿ ಯಾರೂ ಗಟ್ಟಿಯಾಗಿ ಓದತಕ್ಕದ್ದಲ್ಲ.

(ಸಹಿ ಇದೆ, ಓದಲು ಬರುವುದಿಲ್ಲ)
ವಿಶೇಷ ಅಧಿಕಾರಿ, ಕಾರಂಜಿ ಶಾಖೆ

ಪ್ರತಿಗಳು:
1. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಶಾಖೆಗಳಿಗೆ: ಅಲ್ಲಿ ಕಾರಂಜಿ ಬರುವ ಮುನ್ನ ಕೊಡಗಳನ್ನು ಎಣಿಸಿಡಲು.
2. ಉಭಯ ಪಕ್ಷಗಳ ನಾಯಕರಿಗೆ: ತಲಾ ಒಂದು, ಪರಸ್ಪರ ತೋರಿಸದಂತೆ.
3. ಟ್ಯಾಂಕರ್ ಚಾಲಕರಿಗೆ: ಮಾಹಿತಿಗಾಗಿ. ಓಣಿಯ ದಾರಿ ಮರೆತಿದ್ದಲ್ಲಿ ಕೇಳಿಕೊಂಡು ಹೋಗುವುದು.
4. ಚಂದ್ರವ್ವ ಇವರಿಗೆ: ಬಾಗಿಲು ಬಡಿಯದೆ, ಹೊಸ್ತಿಲ ಮೇಲಿಟ್ಟು ಬರತಕ್ಕದ್ದು.